ಟ್ಯಾಂಕ್ ಗನ್ನರ್ ಕಿವಿಗೆ ಬಿದ್ದ ಮಷೀನು, 5 ತಿಂಗಳಾದ್ಮೇಲೆ ರಿವ್ಯೂ

3 ಸ್ಟಾರ್. ಕಿವಿ ಕೇಳೋ ಮಷೀನಿಗೆ 4 ಕೊಡಬಹುದಿತ್ತು, ಅಂಗಡಿ ಓನರ್ ದೆಸೆಯಿಂದ ಒಂದು ಕಟ್. ಹೆಸರು ಬರೆಯಲ್ಲ, ಯಾಕಂದ್ರೆ ಅಲ್ಲಿ ಟೆಸ್ಟ್ ಮಾಡೋ ಹುಡುಗಿ ಪಾಪ ಒಳ್ಳೆಯವಳು.

ನಾನು ಆರ್ಮಿಲಿ 17 ವರ್ಷ ಇದ್ದೆ, ಜಾಸ್ತಿ ಟೈಮು ಟಿ-72 ಟ್ಯಾಂಕಲ್ಲಿ ಗನ್ನರ್, ಅಂದ್ರೆ ಗುರಿ ಇಟ್ಟು ಗನ್ ಹೊಡೆಯೋನು. ಟೆಸ್ಟ್ ಮಾಡಿದಾಗ ಗ್ರಾಫು ಸಲೀಸಾಗಿ ಹೋಗಿ 4000 ಹರ್ಟ್ಸ್ ಹತ್ರ, ಅಂದ್ರೆ ಕೀರಲು ಸೌಂಡಿನ ಕಡೆ, ದಬಕ್ಕಂತ ಬಾವಿಗೆ ಬಿದ್ದಂಗೆ ಇಳೀತು. ಹುಡುಗಿ ನೋಡಿ, "ಸಾರ್ ಜೋರು ಸೌಂಡ್ ಇರೋ ಕಡೆ ಕೆಲ್ಸ ಮಾಡ್ತಿದ್ರಾ" ಅಂದ್ಲು. ಟ್ಯಾಂಕಲ್ಲಮ್ಮ ಅಂದೆ. "ನೀರಿನ ಟ್ಯಾಂಕಾ ಸಾರ್?" ನಾನು ನಕ್ಕೂ ನಕ್ಕೂ ಸಾಕಾಯ್ತು.

ಎಲ್ರೂ 125 ಎಂಎಂ ಗನ್ ಹೊಡೆದೇ ಕಿವಿ ಹೋಗಿರ್ಬೇಕು ಅಂದ್ಕೋತಾರೆ. ಹ್ಯಾಚ್, ಅಂದ್ರೆ ಟ್ಯಾಂಕಿನ ಮೇಲಿನ ಮುಚ್ಚಳ, ಮುಚ್ಚಿದ್ರೆ ಆ ಏಟು ಕಿವಿಗಿಂತ ಎದೆಗೆ ಜಾಸ್ತಿ ಗೊತ್ತಾಗುತ್ತೆ. ನನ್ನ ಪ್ರಕಾರ ಕಿವಿ ತಿಂದಿದ್ದು ಹಿಂದುಗಡೆ ಇರೋ 780 ಹಾರ್ಸ್ ಪವರ್ ಇಂಜಿನ್ನು, ಟ್ರ್ಯಾಕಿನ ಕಟಕಟ, ಅದೂ ಗಂಟೆಗಟ್ಲೆ. ಒಳಗೆ ಇರೋದೇ 3 ಜನ, ಮುಂದೆ ಡ್ರೈವರ್, ಗನ್ನಿನ ಎಡಕ್ಕೆ ನಾನು, ಬಲಕ್ಕೆ ಕಮಾಂಡರ್, ಗುಂಡು ತುಂಬೋಕೆ ಜನ ಇಲ್ಲ, ಕಾಲಡಿ 22 ಗುಂಡು ಇಟ್ಟಿರೋ ಚಕ್ರ ತಿರುಗಿ ಮಷೀನೇ ತುಂಬುತ್ತೆ, ಅದರ ಸೌಂಡ್ ಬೇರೆ. ಹೆಲ್ಮೆಟ್ ಒಳಗೇ ಸ್ಪೀಕರ್ ಇರುತ್ತೆ, ಕಮಾಂಡರ್ ಮಾತು ಕೇಳಲ್ಲ ಅಂತ ವಾಲ್ಯೂಮ್ ಏರ್ಸೋದು. ರಾಜಸ್ಥಾನದ ಮಹಾಜನ್ ಫೈರಿಂಗ್ ರೇಂಜಲ್ಲಿ ಸೆಕೆ ತಡೀಲಾರ್ದೆ ಹೆಲ್ಮೆಟ್ಟನ್ನ ಒಂದು ಕಿವಿಯಿಂದ ಎತ್ತಿ ಹಾಕ್ಕೋತಿದ್ದೆ, ಅದು ನಂದೇ ತಪ್ಪು, ಎಡಗಿವಿ ಜಾಸ್ತಿ ಹಾಳಾಗಿದೆ.

ಇಂಥ ಕಿವಿಗೆ ಸದ್ದು ಕೇಳುತ್ತೆ, ಅಕ್ಷರ ಕೇಳಲ್ಲ. ಸ, ಶ ಎಲ್ಲಾ ಮಾಯ. ಮನೆಯವಳು ಸೊಪ್ಪು ತನ್ನಿ ಅಂದ್ರೆ ಉಪ್ಪು ತಂದಿದೀನಿ, ಒಂದ್ಸಲ ಅಲ್ಲ ಮೂರ್ಸಲ.

ಮಷೀನು ಕಿವಿ ಹಿಂದೆ ಕೂರೋದು, ಸಣ್ಣ ವೈರ್ ಒಳಗೆ ಹೋಗುತ್ತೆ, ಎರಡಕ್ಕೂ ಸೇರಿ 46 ಸಾವಿರ. ಮೊದಲ ದಿನ ಭಯ ಆಯ್ತು, ಪೇಪರ್ ಮಡಚಿದ್ರೆ ಪಟಾಕಿ, ನನ್ನ ಚಪ್ಪಲಿ ಸೌಂಡೇ ಯಾರೋ ಹಿಂದೆ ಬಂದಂಗೆ, ಪಾತ್ರೆ ಸಿಂಕಿಗೆ ಹಾಕಿದ್ರೆ ತಲೆ ಚಚ್ಕೋಬೇಕು ಅನ್ಸೋದು. ಎರಡು ಸಲ ಟ್ಯೂನ್ ಮಾಡಿಸಿದ್ಮೇಲೆ ಸರಿ ಹೋಯ್ತು, ಈಗ ಮನೆಯಲ್ಲಿ, ಬ್ಯಾಂಕಲ್ಲಿ ಚೆನ್ನಾಗಿ ಕೇಳುತ್ತೆ. ಮದುವೆ ಛತ್ರ, ಬಸ್ ಸ್ಟ್ಯಾಂಡಲ್ಲಿ ದಂಡ, ತೆಗೆದು ಜೇಬಿಗೆ ಹಾಕ್ಕೋತೀನಿ.

ಈಗ ಓನರ್ ವಿಷ್ಯ. ಬಿಲ್ಲಲ್ಲಿ ಒಂದು ವರ್ಷ ಟ್ಯೂನಿಂಗ್ ಫ್ರೀ ಅಂತ ಇದೆ, ಎರಡನೇ ಸಲ ಹೋದಾಗ 500 ಕೇಳ್ದ. ಬಿಲ್ ತೋರ್ಸಿದ್ಮೇಲೆ "ಆಯ್ತು ಬಿಡಿ ಯಜಮಾನ್ರೇ" ಅಂದ, ಏನೋ ಉಪಕಾರ ಮಾಡ್ದಂಗೆ. ಬ್ಯಾಟರಿ 15 ದಿನ ಬರುತ್ತೆ ಅಂದಿದ್ದ, ನಂಗೆ ಒಂದು ವಾರಕ್ಕೇ ಖಾಲಿ. ಕಂದು ಸ್ಟಿಕ್ಕರ್ ಇರೋ 312 ನಂಬರ್ ಬ್ಯಾಟರಿ, ಸ್ಟಿಕ್ಕರ್ ಕಿತ್ತ ತಕ್ಷಣ ಮುಚ್ಚಬೇಡಿ, ಒಂದೆರಡು ನಿಮಿಷ ಗಾಳಿ ಆಡ್ಲಿ, ಅದು ಗಾಳಿಯಿಂದ್ಲೇ ನಡೆಯೋದು, ಇದನ್ನೂ ಹುಡುಗೀನೇ ಹೇಳಿದ್ದು.

ಕಿವಿಯೊಳಗೆ ಕುಂಯ್ ಅನ್ನೋದಕ್ಕೆ ಮಾತ್ರ ಮಷೀನಿಂದ ರಾತ್ರಿ ಉಪಯೋಗ ಇಲ್ಲ, ತೆಗೆದಿಟ್ಟು ಮಲಗಿದ್ರೆ ಶುರು, ಅದಕ್ಕೆ ಚಳಿಗಾಲದಲ್ಲೂ ಫ್ಯಾನ್ ಹಾಕ್ತೀನಿ, ಮನೆಯವಳು ಕಂಬಳಿ ಎಳ್ಕೊಂಡು ಬೈತಾಳೆ, ಮಷೀನ್ ಇಲ್ಲದ್ರಿಂದ ಕೇಳಲ್ಲ.

ಆಮೇಲೆ ಎಕ್ಸ್ ಸರ್ವಿಸ್‌ಮೆನ್ ಯಾರಾದ್ರೂ ಓದ್ತಿದ್ರೆ, ದುಡ್ಡು ಕೊಡೋ ಮುಂಚೆ ಇಸಿಎಚ್ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿಗೆ ಹೋಗಿ, ಕಿವಿ ಡಾಕ್ಟರ್ ಬರ್ಕೊಟ್ರೆ ಅಲ್ಲಿಂದ್ಲೂ ಮಷೀನಿಗೆ ದಾರಿ ಇದೆ. ನಂಗೆ ಯೂನಿಟ್ ಫ್ರೆಂಡ್ ಇದನ್ನ ಹೇಳಿದ್ದು 46 ಸಾವಿರ ಕಟ್ಟಿ ನಾಲ್ಕು ದಿನ ಆದ್ಮೇಲೆ. ಮೊದಲೇ ಫೋನಲ್ಲಿ ಹೇಳಿದ್ದೆ ಅಂತಾನೆ, ಹೇಳಿರ್ತಾನೆ, ನಂಗೆಲ್ಲಿ ಕೇಳ್ಬೇಕು.