ನನ್ನ ಸೊಂಟ ಒಪ್ಪಿದ ಬಾಸ್ ಆಂಪ್

ಚಿಕ್ಕಮಗಳೂರಿನಿಂದ ಕೈಮರದ ಕಡೆ ಹೋಗುವ ದಾರಿಯಲ್ಲಿ, ತೋಟದ ನಡುವಿನ ಒಂದು ಹೋಂಸ್ಟೇಯಲ್ಲಿ ನಾವು ನಾಲ್ವರು ಶನಿವಾರ ಸಂಜೆ ಜಾಜ್ ನುಡಿಸುತ್ತೇವೆ. ಕೆಂಪು ಗಾರೆಯ ನೆಲ, ಮಂಗಳೂರು ಹೆಂಚು, ಕೇಳುವವರು ಹೆಚ್ಚೆಂದರೆ ಮೂವತ್ತು ಜನ. ಅಂಗಳದಿಂದ ಜಗುಲಿಗೆ 17 ಕಲ್ಲಿನ ಮೆಟ್ಟಿಲು. ಗಿಟಾರಿನ ಹುಡುಗ ವಾದ್ಯವನ್ನು ಹೆಗಲಿಗೇರಿಸಿಕೊಂಡು ಓಡುತ್ತಾನೆ. ಸ್ಯಾಕ್ಸೊಫೋನಿನವರ ಪೆಟ್ಟಿಗೆ ಒಂದು ಕೈಗೆ ಸಾಕು. ನಾನು ನುಡಿಸುವುದು ಬಾಸ್, ಅಂದರೆ ತಗ್ಗು ಸ್ವರದ ತಂತಿವಾದ್ಯ. ಅದರ ಸದ್ದು ಹೆಚ್ಚಿಸುವ ಪೆಟ್ಟಿಗೆ, ನನ್ನ ಹಳೆಯ ಬಾಸ್ ಆಂಪ್, ಮಾತ್ರ 28 ಕಿಲೋ. ಕಳೆದ ಶ್ರಾವಣದಲ್ಲಿ, ಪಾಚಿಗಟ್ಟಿದ ಏಳನೆಯ ಮೆಟ್ಟಿಲ ಮೇಲೆ ಸೊಂಟ ಹಿಡಿದುಕೊಂಡಿತು. ಇನ್ನು ಹತ್ತು ಕಿಲೋ ಮೀರಿದ್ದನ್ನು ಎತ್ತಕೂಡದು ಎಂದರು ವೈದ್ಯರು. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಿಗೆ ಗುರುತ್ವಾಕರ್ಷಣೆ ಅರ್ಥವಾದದ್ದು ಆ ದಿನವೇ.

ಮೊದಲು ಗೆಳೆಯನೊಬ್ಬನಿಂದ ಎರವಲು ತಂದದ್ದು ಬ್ಯಾಟರಿಯಲ್ಲೂ ಓಡುವ 5 ವ್ಯಾಟ್‌ನ ಪುಟ್ಟ ಪೆಟ್ಟಿಗೆ. ಗಿಟಾರಿನ ಜೊತೆ ಚೆಂದ. ಡ್ರಮ್ಸ್‌ನವನು ಮೆಲ್ಲಗೆ ಸವರುವ ಬ್ರಷ್ ಇಟ್ಟು ಕೋಲು ಎತ್ತಿದ ಕೂಡಲೇ ನಾನು ಸಭೆಯಿಂದ ಎದ್ದುಹೋದಂತಾಯಿತು. ಆಮೇಲೆ ಅಮೆರಿಕದಿಂದ ಬಂದ ಅಕ್ಕನ ಮಗ, ‘ಮಾವ, ನಿಮಗೇ ಅಂತ ತಂದೆ’ ಎಂದು ಆರು ಕಿಲೋದ ಒಂದನ್ನು ಕೈಗಿಟ್ಟ. ಹಿಂದೆ ತಿರುಗಿಸಿ ನೋಡಿದರೆ ‘120 ವೋಲ್ಟ್’ ಎಂಬ ಚೀಟಿ. ನಮ್ಮಲ್ಲಿರುವುದು 230. ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರನ್ನು ಅಂಗಡಿಯಲ್ಲಿ ಎತ್ತಿ ನೋಡಿ, ಅಲ್ಲೇ ಇಟ್ಟು ಬಂದೆ. ಹಗುರ ಆಂಪ್ ಮತ್ತು ಭಾರದ ಟ್ರಾನ್ಸ್‌ಫಾರ್ಮರ್ ಸೇರಿದರೆ ಮತ್ತೆ ಅದೇ ಸೊಂಟನೋವು.

ಕೊನೆಗೆ ಬೆಂಗಳೂರಿಗೆ ಹೋದೆ. ಒಂದು ಅಂಗಡಿಯಲ್ಲಿ ಬಾಸ್ ನುಡಿಸಿ ನೋಡುತ್ತೇನೆ ಎಂದದ್ದಕ್ಕೆ, ಖರೀದಿಸುವುದಾದರೆ ಮಾತ್ರ ಪ್ಲಗ್ ಹಾಕುತ್ತೇವೆ ಎಂದರು. ಹೊರಟುಬಂದೆ. ಇನ್ನೊಂದು ಕಡೆ ಎರಡು ಗಂಟೆ ಕೂರಲು ಬಿಟ್ಟರು. ಅಲ್ಲಿ ಕೊಂಡದ್ದು ಫೆಂಡರ್ ರಂಬಲ್ 40: 40 ವ್ಯಾಟ್, ಹತ್ತಿಂಚಿನ ಒಂದೇ ಸ್ಪೀಕರ್, ತೂಕ ಸುಮಾರು 8.2 ಕಿಲೋ. ಮನೆಗೆ ಬಂದು ತಕ್ಕಡಿಯಲ್ಲಿಟ್ಟು ಖಾತರಿ ಮಾಡಿಕೊಂಡೆ. ಕಾಫಿ ಬೀಜ ತೂಗುವ ಊರಿನವರಿಗೆ ತಕ್ಕಡಿಯ ಮೇಲೆ ನಂಬಿಕೆ ಜಾಸ್ತಿ.

ಹತ್ತಿಂಚಿನ ಸ್ಪೀಕರ್ ಬಾಸ್‌ಗೆ ಸಾಲುವುದೇ ಎಂದು ಎಲ್ಲರೂ ಕೇಳುತ್ತಾರೆ. ನಾಲ್ಕು ತಂತಿಯ ಬಾಸ್‌ನ ಅತಿ ಕೆಳಗಿನ ಸ್ವರದ ಆವರ್ತಾಂಕ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಇಷ್ಟು ಸಣ್ಣ ಪೆಟ್ಟಿಗೆಯಿಂದ ಆ ಕಂಪನ ಪೂರ್ತಿ ಬಲದಲ್ಲಿ ಹೊರಬರುವುದಿಲ್ಲ, ನಿಜ. ಆದರೆ ಒಂದು ತಂತಿ ಮಿಡಿದಾಗ 41ರ ಜೊತೆಗೆ 82, 123, 164 ಹರ್ಟ್ಸ್‌ನ ಅನುಸ್ವರಗಳೂ ಹುಟ್ಟುತ್ತವೆ. ಅವು ಸ್ವಚ್ಛವಾಗಿ ಕೇಳಿಸಿದರೆ ಸಾಕು, ತಳದ ಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಸಣ್ಣ ಆಂಪ್ ಕೊಳ್ಳುವಾಗ ಗುಡುಗು ಹುಡುಕಬೇಡಿ, ಆ ನಡುವಿನ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆಯೇ ನೋಡಿ. ವ್ಯಾಟ್ ಲೆಕ್ಕವೂ ಮೋಸದ್ದು. 40ರ ಬದಲು 80 ತಂದರೆ ಸಿಗುವುದು ಕೇವಲ 3 ಡೆಸಿಬಲ್. ದುಪ್ಪಟ್ಟು ಜೋರು ಅಂತೂ ಅಲ್ಲ. ಹಾಗೆಂದು ತೀರಾ ಕಡಿಮೆಯೂ ಬೇಡ. ಮೆಲ್ಲಗೆ ನುಡಿಸಿದಾಗ ನಮ್ಮ ಕಿವಿಗೆ ಮೊದಲು ಮಾಯವಾಗುವುದು ತಗ್ಗು ಸ್ವರಗಳೇ. ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ರೇಖೆ ಎಳೆದಿಟ್ಟಿದ್ದಾರೆ. ಪಿಸುಮಾತಿನ ಹಾಡಿನಲ್ಲೂ ಬಾಸ್ ಉಳಿಯಬೇಕಾದರೆ ಆಂಪ್‌ಗೆ ಕೈಯಲ್ಲಿ ಸ್ವಲ್ಪ ಮಿಗುವಷ್ಟು ಶಕ್ತಿ ಇರಬೇಕು.

ನನ್ನ ರಂಬಲ್‌ನಲ್ಲಿ ‘ಕಾಂಟೂರ್’ ಎಂಬ ಗುಂಡಿಯಿದೆ. ಒತ್ತಿದರೆ ನಡುಸ್ವರಗಳು ತಗ್ಗಿ, ಒಬ್ಬರೇ ನುಡಿಸುವಾಗ ಬಲು ಸೊಗಸು. ನಾಲ್ವರ ನಡುವೆ ಒತ್ತಿದರೆ ನೀವು ಇಲ್ಲವೇ ಇಲ್ಲ. ನಾನು ಅದನ್ನು ಮುಟ್ಟುವುದಿಲ್ಲ. ತಗ್ಗಿನ ನಡುಸ್ವರದ ತಿರುಗುಣಿಯನ್ನು ಚೂರು ಏರಿಸಿ ಬಿಟ್ಟಿದ್ದೇನೆ. ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಇದೆಯಂತೆ, ಇರಲಿ. ಹೆಡ್‌ಫೋನ್ ಸಿಕ್ಕಿಸುವ ತೂತು ಬಂದ ಮೇಲೆ ರಾತ್ರಿ ಅಭ್ಯಾಸಕ್ಕೆ ಮನೆಯಾಕೆಯ ಆಕ್ಷೇಪಣೆ ನಿಂತಿದೆ. ಮದುವೆ ಛತ್ರದಂಥ ದೊಡ್ಡ ಜಾಗವಾದರೆ ಆಂಪ್‌ನ ಹಿಂದಿರುವ ಎಕ್ಸ್‌ಎಲ್‌ಆರ್ ಎಂಬ ತೂತಿನಿಂದ ತಂತಿ ಎಳೆದು, ನೇರ ಅಲ್ಲಿನ ಧ್ವನಿವರ್ಧಕದ ಮಿಕ್ಸರಿಗೆ ಕೊಡಬಹುದು.

ಇಡುವ ಜಾಗದ ಮಾತು ಬೇರೆ. ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಸದ್ದು ದಪ್ಪವಾಗುತ್ತದೆ. ನಮ್ಮ ಜಗುಲಿಯಲ್ಲಿ ಅತಿಯಾಗಿ ಗುಂಯ್ಗುಟ್ಟಿತು. ಅಡುಗೆಮನೆಯ ಮರದ ಸ್ಟೂಲಿನ ಮೇಲೇರಿಸಿ, ಗೋಡೆಯಿಂದ ಒಂದು ಮೊಳ ಈಚೆ ತಂದ ಮೇಲೆ ಹದಕ್ಕೆ ಬಂತು. ಕರೆಂಟು ಹೋದಾಗ ಹೋಂಸ್ಟೇಯ ಇನ್ವರ್ಟರಿನಲ್ಲಿ ಓಡಿಸಿದೆ. ಆಂಪ್ ಓಡಿತು, ಇನ್ವರ್ಟರಿನ ಜೀರುಂಡೆಯಂಥ ಗುಂಜಾರವವೂ ಜೊತೆಗೆ ಬಂತು. ಮಳೆಗಾಲದಲ್ಲಿ ಹೊದಿಕೆ ಹಾಕಿ ಮುಚ್ಚಿಟ್ಟರೆ ನಮ್ಮೂರಿನಲ್ಲಿ ಬೂಷ್ಟು ಖಂಡಿತ. ವಾರಕ್ಕೊಮ್ಮೆ ಬಿಚ್ಚಿ ಗಾಳಿಗೆ ಇಡುತ್ತೇನೆ.

ಮದುವೆಗಳಲ್ಲಿ ಸ್ಯಾಕ್ಸೊಫೋನ್ ಊದಿ ಬೆಳೆದ ನಮ್ಮ ಹಿರಿಯರು ಮೊದಲ ಶನಿವಾರ ಮುಗಿದಾಗ, ‘ಮೇಷ್ಟ್ರೇ, ಇವತ್ತು ನೀವು ನುಡಿಸಿದ ಒಂದೊಂದು ಸ್ವರವೂ ಕೇಳಿಸಿತು’ ಎಂದರು. ನಾನು ಬೀಗಿದೆ. ತುಸು ತಡೆದು, ಎರಡನೆಯ ಹಾಡಿನ ತಿರುವಿನಲ್ಲಿ ಇಷ್ಟು ವರ್ಷವೂ ಅದೇ ತಪ್ಪು ಸ್ವರವನ್ನೇ ಹಿಡಿಯುತ್ತಿದ್ದಿರಾ ಎಂದು ಕೇಳಿದರು.