ಕಿಂಗ್‌ಡಮ್ ಆಫ್ ಹೆವನ್: ಚಿಕ್ಕದ್ದೋ, ಉದ್ದದ್ದೋ?

ದುಡ್ಡು ಕೊಟ್ಟು ನೋಡೋದಾದರೆ ಉದ್ದದ್ದನ್ನೇ ನೋಡಿ. ಜೆರುಸಲೇಮಿಗಾಗಿ ಕ್ರೈಸ್ತರು, ಮುಸ್ಲಿಮರ ನಡುವೆ ನಡೆದ ಕ್ರುಸೇಡ್ ಯುದ್ಧಗಳ ಕಥೆ ಇದು. ರಿಡ್ಲಿ ಸ್ಕಾಟ್ ಅವರ ಈ ಸಿನಿಮಾ 2005ರಲ್ಲಿ ಥಿಯೇಟರಿಗೆ ಬಂದಾಗ 144 ನಿಮಿಷ ಇತ್ತು. ಡೈರೆಕ್ಟರ್ಸ್ ಕಟ್, ಅಂದರೆ ನಿರ್ದೇಶಕ ತನಗೆ ಬೇಕಾದಂತೆ ಜೋಡಿಸಿದ್ದು, ಮೂರು ಗಂಟೆ ದಾಟುತ್ತದೆ. ಎರಡನ್ನೂ ಮನೆಯಲ್ಲೇ ನೋಡಿದ್ದೇನೆ.

ಮೊದಲು ತಲೆನೋವಿನ ವಿಷಯ. ಒಂದು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ತಗೊಂಡೆ. ವಿವರದಲ್ಲಿ ಡೈರೆಕ್ಟರ್ಸ್ ಕಟ್ ಅಂತಲೇ ಬರೆದಿತ್ತು. ಓಡಿದ್ದು ಮಾತ್ರ ಚಿಕ್ಕದು. ಎರಡಕ್ಕೂ ಅದೇ ಪೋಸ್ಟರ್, ಅದೇ ಹೆಸರು. ದೂರು ಕೊಟ್ಟರೆ, ‘ಸಿನಿಮಾ ಅದೇ ಅಲ್ವಾ ಸರ್’ ಅಂದರು. ಪ್ಲೇ ಮಾಡಿಬಿಟ್ಟಿದ್ದೀರಿ, ಹಣ ವಾಪಸ್ ಬರಲ್ಲ ಅಂತಲೂ ಹೇಳಿದರು. ಪ್ಲೇ ಮಾಡದೆ ಯಾವುದು ಅಂತ ಗೊತ್ತಾಗೋದು ಹೇಗೆ?

ಹಾಗಾಗಿ ವಿವರ ನಂಬಬೇಡಿ, ನಿಮಿಷ ನೋಡಿ. ನಿಮಿಷ ಹಾಕಿಲ್ಲದ ಕಡೆ ತಗೊಳ್ಳಲೇಬೇಡಿ. ಆಗಲೇ ಶುರು ಮಾಡಿದ್ದರೆ ಫ್ರಾನ್ಸಿನ ಹಳ್ಳಿಯ ಪಾದ್ರಿಯನ್ನು ಗಮನಿಸಿ. ಉದ್ದದ್ದರಲ್ಲಿ ಅವನು ನಾಯಕ ಬಾಲಿಯನ್‌ನ ಸೋದರ. ಚಿಕ್ಕದ್ದರಲ್ಲಿ ಆ ಸಂಬಂಧವೇ ಇಲ್ಲ, ಸುಮ್ನೆ ಒಬ್ಬ ಕೆಟ್ಟ ಪಾದ್ರಿ.

ಕತ್ತರಿಗೆ ನಿಜವಾಗಿ ಬಲಿಯಾದವಳು ಸಿಬಿಲ್ಲಾ. ಜೆರುಸಲೇಮಿನ ರಾಜನ ಅಕ್ಕ, ಎವಾ ಗ್ರೀನ್ ಮಾಡಿದ ಪಾತ್ರ. ಅವಳಿಗೊಬ್ಬ ಪುಟ್ಟ ಮಗ, ಐದನೇ ಬಾಲ್ಡ್ವಿನ್. ಕುಷ್ಠ ಹಿಡಿದ ರಾಜ, ಅಂದರೆ ಅವನ ಸೋದರಮಾವ, ಸತ್ತ ಮೇಲೆ ಪಟ್ಟಕ್ಕೆ ಬರುತ್ತಾನೆ. ಪತ್ರಕ್ಕೆ ಮುದ್ರೆ ಒತ್ತುವಾಗ ಬಿಸಿ ಅರಗು ಕೈಮೇಲೆ ಬೀಳುತ್ತದೆ, ಹುಡುಗನಿಗೆ ಗೊತ್ತೇ ಆಗಲ್ಲ. ಮಗನಿಗೂ ಕುಷ್ಠ ಅಂತ ತಾಯಿಗೆ ಗೊತ್ತಾಗುತ್ತದೆ. ಮಗ ನರಳಬಾರದು ಅಂತ ಅವಳೇ ವಿಷ ಹಾಕುತ್ತಾಳೆ. ಚಿಕ್ಕದ್ದರಲ್ಲಿ ಈ ಹುಡುಗನ ಕಥೆಯೇ ಇಲ್ಲ! ಆಮೇಲೆ ಅವಳು ಕೂದಲು ಕತ್ತರಿಸಿಕೊಂಡು ಕೂತರೆ ಇವಳಿಗೇನಾಯ್ತು ಅನಿಸುತ್ತದೆ. ಇತಿಹಾಸದಲ್ಲಿ ಐದನೇ ಬಾಲ್ಡ್ವಿನ್ 1186ರಲ್ಲಿ ಚಿಕ್ಕ ವಯಸ್ಸಿಗೇ ಸತ್ತದ್ದು ನಿಜ. ಕುಷ್ಠ, ತಾಯಿ ಕೊಟ್ಟ ವಿಷ ಸಿನಿಮಾದವರು ಸೇರಿಸಿದ್ದು. ಆದರೂ ಕಥೆಗೆ ಅದು ಬೇಕೇ ಬೇಕು.

ಯುದ್ಧಕ್ಕಾಗಿಯೇ ನೋಡುವವರಿಗೆ ಅಷ್ಟು ವ್ಯತ್ಯಾಸ ಕಾಣಲ್ಲ. ಮೊರಾಕ್ಕೊದ ವಾರ್ಜಜಾತ್‌ನಲ್ಲಿ ಜೆರುಸಲೇಮಿನ ಗೋಡೆಗಳ ಸೆಟ್ ಹಾಕಿ ತೆಗೆದ ಮುತ್ತಿಗೆ ಎರಡರಲ್ಲೂ ಚೆನ್ನಾಗಿದೆ. ಉದ್ದದ್ದರಲ್ಲಿ ರಕ್ತ ಸ್ವಲ್ಪ ಜಾಸ್ತಿ. ಕ್ರೈಸ್ತರ ಸೈನ್ಯ ಸೋತುಹೋದ 1187ರ ಹತ್ತೀನ್ ಕಾಳಗವನ್ನು ಮಾತ್ರ ಎರಡರಲ್ಲೂ ತೋರಿಸಿಲ್ಲ, ಮುಗಿದ ಮೇಲಿನ ಹೆಣಗಳಷ್ಟೇ. ಮುಸ್ಲಿಂ ಸುಲ್ತಾನ ಸಲಾದಿನ್ ಆಗಿ ಸಿರಿಯಾದ ನಟ ಘಸ್ಸಾನ್ ಮಸ್ಸೂದ್ ಎರಡರಲ್ಲೂ ಅದ್ಭುತ. ಬಾಲಿಯನ್ ಆಗಿ ಆರ್ಲಾಂಡೊ ಬ್ಲೂಮ್ ಎರಡರಲ್ಲೂ ಸಪ್ಪೆ.

ಸುಮಾರು 13 ಕೋಟಿ ಡಾಲರ್ ಸುರಿದ ಈ ಸಿನಿಮಾ ಅಮೆರಿಕದಲ್ಲಿ 5 ಕೋಟಿಯನ್ನೂ ಮುಟ್ಟಲಿಲ್ಲ. ಇಷ್ಟು ವರ್ಷವಾದರೂ ಜನ ಇದರ ಮಾತಾಡುತ್ತಿದ್ದಾರೆ ಅಂದರೆ ಅದು 2006ರಲ್ಲಿ ಡಿವಿಡಿಗೆ ಬಂದ ಉದ್ದನೆಯದ್ದರಿಂದ.

ಕೊನೆಗೆ ನಾನು ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಂಡೆ. ಹಳೇ ಪ್ಲೇಯರ್ ಮನೆಯಲ್ಲಿ ಇದ್ದೇ ಇತ್ತು, ಹಾಗಾಗಿ ಖರ್ಚು ಹಗುರ. ನಾನು ಊಟ ಆದಮೇಲೆ ಸಿನಿಮಾಕ್ಕೆ ಕೂರುವವನು, ಒಂದೇ ರಾತ್ರಿಗೆ ಮೂರು ಗಂಟೆ ಆಗಲ್ಲ. ರೋಡ್‌ಶೋ ಅನ್ನೋ 194 ನಿಮಿಷದ್ದರಲ್ಲಿ ಸಂಗೀತದ ಜೊತೆ ಇಂಟರ್ವಲ್ಲೂ ಇದೆ. ಅಲ್ಲಿಗೆ ನಿಲ್ಲಿಸಿ ಉಳಿದದ್ದು ಮಾರನೇ ದಿನ ನೋಡಿದೆ. ನಿಮ್ಮ ಹತ್ತಿರ ಪ್ಲೇಯರ್ ಇಲ್ಲದಿದ್ದರೆ ಆ್ಯಪೇ ಗತಿ, ನಿಮಿಷ ಎಣಿಸಿ ತಗೊಳ್ಳಿ.