ನಮ್ಮ ಅಡುಗೆಮನೆಯ 107.8

ಬೆಳಿಗ್ಗೆ ನೀರ್‌ದೋಸೆ ಹೊಯ್ಯುವಾಗ ಕಾವಲಿಯ ಚುರ್ ಸದ್ದಿನ ಜೊತೆಗೆ ನಮ್ಮ ಮನೆಯಲ್ಲಿ ಕೇಳಿಸುವುದು ರೇಡಿಯೊ ಸಾರಂಗ್ 107.8 ಎಫ್‌ಎಂ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನವರು 2009ರಲ್ಲಿ ಶುರು ಮಾಡಿದ ಸಮುದಾಯ ರೇಡಿಯೊ. ಲಾಭಕ್ಕೆ ನಡೆಸುವುದಲ್ಲ, ಅದು ಕೇಳುವಾಗಲೇ ಗೊತ್ತಾಗುತ್ತದೆ.

ನನಗೆ ಜಾಸ್ತಿ ಇಷ್ಟ ಅಲ್ಲಿನ ಭಾಷೆಗಳು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಒಂದೇ ಕಡೆ. ತುಳು ಬಂದರೆ ಅಮ್ಮ ಸೌಟು ಹಿಡಿದುಕೊಂಡೇ ನಿಂತುಬಿಡುತ್ತಾರೆ, ಕೊಂಕಣಿ ಬಂದರೆ ಪಕ್ಕದ ಮನೆಯ ಬಾಯಮ್ಮ ಬೇಲಿಯಾಚೆಯಿಂದಲೇ "ಸ್ವಲ್ಪ ಜೋರು ಇಡಿ ಮಾರಾಯ್ರೆ" ಅನ್ನುತ್ತಾರೆ. ಮಾತಾಡುವವರೂ ನಮ್ಮ ಊರಿನವರೇ, ಸುಮ್ನೆ ಜಗಲಿಯಲ್ಲಿ ಕುಳಿತು ಮಾತಾಡಿದ ಹಾಗೆ.

ದೂರದವರಿಗೆ ಮಾತ್ರ ಕಷ್ಟ. ಸಮುದಾಯ ರೇಡಿಯೊಗಳಿಗೆ ಸಾಮಾನ್ಯವಾಗಿ 100 ವ್ಯಾಟ್ ಶಕ್ತಿಗಷ್ಟೇ ಅನುಮತಿ, ಹಾಗಾಗಿ 10-15 ಕಿಲೋಮೀಟರ್ ದಾಟಿದ ಮೇಲೆ ಸ್ಪಷ್ಟವಾಗಿ ಸಿಗುವುದು ಕಷ್ಟ. ಮಣಿಪಾಲದ ಕಡೆಯವರಿಗೆ ರೇಡಿಯೊ ಮಣಿಪಾಲ್ 90.4 ಇದೆ, ಅದೂ ಇಂಥದ್ದೇ.

ಇಂಥ ರೇಡಿಯೊ ಉಳಿಯುವುದು ಕೇಳುಗರಿಂದ ಅಲ್ವಾ? ಮೊಬೈಲ್‌ನಲ್ಲಿ ಎಫ್‌ಎಂ ಇದ್ದರೆ ಇಯರ್‌ಫೋನ್ ಚುಚ್ಚಿ ನಾಳೆಯೇ ಒಮ್ಮೆ ಕೇಳಿ. ಇಷ್ಟವಾದರೆ ಅವರಿಗೂ ಒಂದು ಮಾತು ತಿಳಿಸಿ.